ಮಳೆಗಾಲದಲ್ಲಿ ಕಾಡಲ್ಲಿ ಬೆಂಕಿ ಹಚ್ಚಲು ಚಾಕುವಿನಿಂದ ಕಟ್ಟಿಗೆ ಸೀಳಬಹುದೇ?

ಸೀಳಬಹುದು. ಆದರೆ ಕೊಡಲಿಯ ಹಾಗೆ ಬೀಸಿ ಹೊಡೆಯುವುದಲ್ಲ. ಶಿರಸಿಯ ಮಳೆಯಲ್ಲಿ ಕಟ್ಟಿಗೆಯ ಹೊರಮೈ ಒದ್ದೆಯಾದರೂ ಸತ್ತು ಒಣಗಿದ ಕೊಂಬೆಯ ಒಳಗು ಒಣಗಿಯೇ ಇರುತ್ತದೆ. ಅದು ಸಿಗಲಿ ಅಂತಲೇ ಸೀಳುವುದು, ಅಲ್ವಾ? ನೆಲಕ್ಕೆ ಬಿದ್ದು ನೀರು ಕುಡಿದದ್ದು ಬೇಡ. ಮರದಲ್ಲೇ ಸಿಕ್ಕಿಕೊಂಡಿರುವ ಒಣ ಕೊಂಬೆ ನೋಡಿ.

ಮೊಣಕೈಯಷ್ಟು ದಪ್ಪದ ತುಂಡನ್ನು ಗಟ್ಟಿ ದಿಮ್ಮಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಅಲಗನ್ನು ಅದರ ತಲೆಯ ಮೇಲೆ ಅಡ್ಡ ಇಡಿ. ತುದಿ ಎರಡು ಬೆರಳಷ್ಟಾದರೂ ಆಚೆ ಚಾಚಿರಬೇಕು. ಇನ್ನೊಂದು ಕೋಲಿನಿಂದ ಅಲಗಿನ ಬೆನ್ನಿಗೆ ತಟ್ಟಿ. ಅಲಗು ಪೂರ್ತಿ ಒಳಗಿಳಿದ ಮೇಲೆ ಆ ಚಾಚಿದ ತುದಿಗೆ ತಟ್ಟುತ್ತಾ ಹೋಗಿ. ಚರ್ರೆಂದು ಎಳೆ ಬಿಡುವ ಸದ್ದು ಕೇಳುತ್ತದೆ, ಒಳಗಿನ ತಿಳಿ ಬಣ್ಣ ಕಾಣುತ್ತದೆ. ಗಂಟಿರುವ ತುಂಡು ಬೇಡವೇ ಬೇಡ. ಅಲಗು ಸಿಕ್ಕಿಬೀಳುವುದು, ಮುರಿಯುವುದು ಅಲ್ಲೇ ಜಾಸ್ತಿ.

ಮಡಚುವ ಚಾಕು ದಯವಿಟ್ಟು ಬಳಸಬೇಡಿ, ಪೆಟ್ಟು ಬಿದ್ದು ಕೀಲು ಸಡಿಲಾಗಿ ಬೆರಳ ಮೇಲೇ ಮುಚ್ಚಿಕೊಳ್ಳಬಹುದು. ಅಲಗಿನ ಉಕ್ಕು ಹಿಡಿಯ ಕೊನೆವರೆಗೂ ಇರಬೇಕು, ಬೆನ್ನು 3–4 ಮಿ.ಮೀ. ದಪ್ಪ ಇದ್ದರೆ ಒಳ್ಳೆಯದು. ನಮ್ಮ ಕಡೆ ಮನೆಮನೆಯಲ್ಲಿರುವ ಕತ್ತಿ, ಅಂದರೆ ಕಟ್ಟಿಗೆ ಕಡಿಯುವ ಮಚ್ಚು, ಜೊತೆಗಿದ್ದರೆ ಚಾಕುವಿಗಿಂತ ಅದೇ ವಾಸಿ.

ಸೀಳಿದ ಒಣ ತಿರುಳನ್ನು ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಸಪೂರ ಮಾಡಿಕೊಂಡು ಮೊದಲು ಅದಕ್ಕೆ ಬೆಂಕಿ ಕೊಡಿ.