ಚಂದ್ರನನ್ನು ಕೇಳದೆ ಟಿಕೆಟ್ ಮಾಡಿಸಬೇಡಿ

(ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಜೆಯಲ್ಲಿ ಆಕಾಶ ನೋಡಲು ಹೋದವರದು, ಹೊರಟವರದು.)

ಪ್ರಶ್ನೆ: ಬೆಟ್ಟದ ಮೇಲಿನ ವೀಕ್ಷಣಾಲಯವೊಂದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ದೂರದರ್ಶಕದಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆ, ಅಂದರೆ ಅನಿಲ ಮತ್ತು ಧೂಳಿನ ಮೋಡ, ತೋರಿಸಿದರು. ಪುಸ್ತಕದಲ್ಲಿ ಕೆಂಪು, ನೇರಳೆ ಬಣ್ಣದಲ್ಲಿ ಉರಿಯುವ ನೀಹಾರಿಕೆ ಅಲ್ಲಿ ಒರೆಸಿಬಿಟ್ಟ ಸೀಮೆಸುಣ್ಣದ ಗುರುತಿನ ಹಾಗಿತ್ತು. ಒಂದು ಗಂಟೆ ಸರದಿಯಲ್ಲಿ ನಿಂತ ಮಗಳು "ಇಷ್ಟೇನಾ?" ಅಂದಳು. ನಮ್ಮನ್ನು ಯಾಮಾರಿಸಿದರೇ?

ಇಲ್ಲಮ್ಮ, ಯಾರೂ ಯಾಮಾರಿಸಿಲ್ಲ. ಇಪ್ಪತ್ತು ವರ್ಷದಿಂದ ದೂರದರ್ಶಕದ ಪಕ್ಕ ನಿಂತು ಜನರಿಗೆ ಆಕಾಶ ತೋರಿಸುತ್ತಿದ್ದೇನೆ. ಆ "ಇಷ್ಟೇನಾ" ಕೇಳದ ರಾತ್ರಿಯೇ ಇಲ್ಲ. ಮೊದಮೊದಲು ಬೇಜಾರಾಗುತ್ತಿತ್ತು. ಈಗ ಸರದಿ ಶುರುವಾಗುವ ಮೊದಲೇ "ಬಣ್ಣ ಕಾಣುವುದಿಲ್ಲ, ಬೂದಿಯ ಹಾಗೆ ಕಾಣುತ್ತದೆ" ಎಂದು ಕೂಗಿ ಹೇಳಿಬಿಡುತ್ತೇನೆ. ನಿಮಗೆ ಅದನ್ನು ಯಾರೂ ಮೊದಲೇ ಹೇಳಲಿಲ್ಲ, ತಪ್ಪಾಗಿದ್ದು ಅಲ್ಲಿ.

ಕ್ಯಾಮೆರಾ ಒಂದೇ ಜಾಗಕ್ಕೆ ಗುರಿಯಿಟ್ಟು ಗಂಟೆಗಟ್ಟಲೆ ಬೆಳಕನ್ನು ಕೂಡಿಡಬಲ್ಲದು. ಕಣ್ಣಿಗೆ ಆ ಉಳಿತಾಯ ಬುದ್ಧಿ ಇಲ್ಲ, ಬಂದ ಬೆಳಕನ್ನು ಅಲ್ಲಲ್ಲೇ ಖರ್ಚು ಮಾಡುತ್ತದೆ. ಬಣ್ಣ ಗುರುತಿಸುವ ಶಂಕು ಕೋಶಗಳಿಗೆ ಬೆಳಕು ಧಾರಾಳವಾಗಿ ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವುದು ದಂಡ ಕೋಶಗಳು, ಅವಕ್ಕೆ ಬಣ್ಣ ಗೊತ್ತಿಲ್ಲ. ಇನ್ನೊಂದು ತಮಾಷೆ ಇದೆ. ನಾವು ನೆಟ್ಟ ನೋಟದಿಂದ ನೋಡುವಾಗ ಬಳಸುವ ಅಕ್ಷಿಪಟದ ನಟ್ಟನಡುವಿನಲ್ಲಿ ದಂಡ ಕೋಶಗಳೇ ಇಲ್ಲ. ದಿಟ್ಟಿಸಿದಷ್ಟೂ ನೀಹಾರಿಕೆ ಮಾಯವಾಗುತ್ತದೆ. ಅದರ ಪಕ್ಕಕ್ಕೆ ನೋಡಿ, ಗಮನ ಮಾತ್ರ ಅದರ ಮೇಲಿರಲಿ. ಕಳ್ಳನೋಟ ಅಂತೀವಲ್ಲ, ಅದೇ.

ಮುಂದಿನ ಸಲ ಮಗಳಿಗೆ ಹೇಳಿ: ಮೊದಲು ನಡುವೆ ಒತ್ತೊತ್ತಾಗಿರುವ ನಾಲ್ಕು ಸಣ್ಣ ನಕ್ಷತ್ರಗಳನ್ನು ಹುಡುಕಲಿ. ಟ್ರಪೀಜಿಯಂ ಎಂದು ಅದರ ಹೆಸರು. ಆಮೇಲೆ ಅದರ ಸುತ್ತಿನ ಮಸುಕು ಎಲ್ಲಿಯವರೆಗೆ ಹರಡಿದೆ ಎಂದು ಕಳ್ಳನೋಟದಲ್ಲಿ ಹಿಂಬಾಲಿಸಲಿ. ಕಳೆದ ಚಳಿಗಾಲದಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಹೀಗೇ ಒಂದು ನಿಮಿಷ ಅಲುಗಾಡದೆ ನೋಡಿ, "ಬಾವಲಿ! ರೆಕ್ಕೆ ಬಿಚ್ಚಿದೆ!" ಅಂದ. ಅವನ ಹಿಂದಿದ್ದವರೆಲ್ಲ ಮತ್ತೆ ಸರದಿಗೆ ಬಂದರು. ಆ ಬಾವಲಿಯ ಬೆಳಕು ಸುಮಾರು 1,300 ವರ್ಷ ಹಿಂದೆ ಹೊರಟಿದ್ದು. ಐದು ಸೆಕೆಂಡು ನೋಡಿ ಹೋಗುವುದು ಅದಕ್ಕೆ ಮಾಡುವ ಅವಮಾನ, ನನ್ನ ಲೆಕ್ಕದಲ್ಲಿ.

ಬಣ್ಣವೇ ಬೇಕು ಎಂದರೆ ರಾಜಹಂಸ ನಕ್ಷತ್ರಪುಂಜದ ಕೊಕ್ಕಿನಲ್ಲಿರುವ ಆಲ್ಬಿರಿಯೋ ಎಂಬ ಜೋಡಿ ನಕ್ಷತ್ರವನ್ನು ತೋರಿಸಿ ಎಂದು ಕೇಳಿ. ಒಂದು ಹೊಂಬಣ್ಣ, ಇನ್ನೊಂದು ನೀಲಿ. ನಕ್ಷತ್ರಕ್ಕೆ ಬಣ್ಣ ತೋರಿಸುವಷ್ಟು ಬೆಳಕಿದೆ.

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ರಜೆ. ಕತ್ತಲಿರುವ ಊರಿಗೆ ಹೋಗಿ ಆಕಾಶಗಂಗೆ ನೋಡಬೇಕು, ಹಾಗೇ ವೀಕ್ಷಣಾಲಯದಲ್ಲಿ ಚಂದ್ರನ ಕುಳಿಗಳನ್ನೂ. ಬುಕ್ ಮಾಡಲೇ?

ಎರಡು ಆಸೆಗೂ ಒಂದಕ್ಕೊಂದು ಆಗಿಬರುವುದಿಲ್ಲ, ಸರ್. ನಾನೇ ಒಮ್ಮೆ ಆರು ತಿಂಗಳು ಮೊದಲೇ ಎಲ್ಲ ಕಾದಿರಿಸಿ, ಮನೆಮಂದಿಯನ್ನೆಲ್ಲ ಹೊರಡಿಸಿ, ಹೋಗಿ ಇಳಿದಾಗ ಹುಣ್ಣಿಮೆ. ಅಂಗಳದಲ್ಲಿ ಕೂತು ಬಸ್ ಟಿಕೆಟ್ ಮೇಲಿನ ಅಕ್ಷರ ಓದಬಹುದಿತ್ತು, ನಕ್ಷತ್ರ ಬೆರಳೆಣಿಕೆಯಷ್ಟು. ಆ ಕಥೆಯನ್ನು ನನ್ನ ಹೆಂಡತಿ ಇವತ್ತಿಗೂ ನೆಂಟರ ಮುಂದೆ ಹೇಳುತ್ತಾಳೆ.

ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆ ಕಳೆದು ನಾಲ್ಕೈದು ದಿನವಾದರೆ ಮುಂಜಾವಿನವರೆಗೆ ಕೂರಲಾಗದವರಿಗೂ ಸಂಜೆಯ ಒಂದೆರಡು ಗಂಟೆ ನಿಜವಾದ ಕತ್ತಲು ಸಿಗುತ್ತದೆ. ಅಲ್ಲಿಂದ ಅಮಾವಾಸ್ಯೆ ದಾಟಿ ಮೂರು ದಿನದವರೆಗೆ ಕತ್ತಲ ಜಾಗದ ಕಾಲ. ಕುಳಿ ನೋಡಲು ಶುಕ್ಲ ಪಕ್ಷದ ಅಷ್ಟಮಿಯ ಆಸುಪಾಸು ಒಳ್ಳೆಯದು. ಬೆಳಕು ಕತ್ತಲು ಸೇರುವ ಗೆರೆಯಲ್ಲಿ ಬೆಟ್ಟಗಳ ನೆರಳು ಉದ್ದ ಬಿದ್ದಿರುತ್ತದೆ. ಹುಣ್ಣಿಮೆಯ ದಿನ ನೆರಳಿಲ್ಲದ ಚಂದ್ರ ಬರೀ ಬಿಳಿ ತಟ್ಟೆ.

ಇನ್ನೊಂದು ಮಾತು: ಡಿಸೆಂಬರ್ ಕೊನೆಗೆ ಸೂರ್ಯನೇ ಧನುಸ್ಸಿನ ನಕ್ಷತ್ರಗಳ ನಡುವೆ ಇರುತ್ತಾನೆ. ಆಕಾಶಗಂಗೆಯ ದಟ್ಟ ಹೊಟ್ಟೆ ಇರುವುದೂ ಆ ಕಡೆಗೇ, ಹಾಗಾಗಿ ಅದು ಆಗ ಕಾಣದು. ಫೆಬ್ರವರಿ–ಮಾರ್ಚ್‌ನಲ್ಲಾದರೆ ಬೆಳಗಿನ ಜಾವ ಏಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಆರಾಮಾಗಿ ನೋಡಬಹುದು, ಮೋಡ ಬಿಟ್ಟರೆ. ಡಿಸೆಂಬರ್‌ಗೇ ಹೋಗುವುದಿದ್ದರೆ ಕೃತ್ತಿಕೆ, ರೋಹಿಣಿ, ಲುಬ್ಧಕ ಇವೆಯಲ್ಲ, ಅವೇನು ಕಡಿಮೆಯೇ?

ಗ್ರಹ ಮತ್ತು ಚಂದ್ರನಿಗೆ ಕತ್ತಲ ಊರಿನ ಹಂಗೇ ಇಲ್ಲ. ಲಾಸ್ ಏಂಜಲೀಸ್‌ನಂಥ ಝಗಮಗ ನಗರದ ನೆತ್ತಿಯ ಮೇಲೆ ಕೂತ ಗ್ರಿಫಿತ್ ವೀಕ್ಷಣಾಲಯ 1935ರಿಂದ 12 ಅಂಗುಲದ ದೂರದರ್ಶಕದಲ್ಲಿ ಜನರಿಗೆ ಪುಕ್ಕಟೆಯಾಗಿ ಆಕಾಶ ತೋರಿಸುತ್ತಿದೆ. ಆದ್ದರಿಂದ ವೀಕ್ಷಣಾಲಯಕ್ಕೆ ಒಂದು ಪ್ರವಾಸ, ಕತ್ತಲಿಗೆ ಇನ್ನೊಂದು. ಒಂದೇ ರಜೆಗೆ ಎರಡನ್ನೂ ತುರುಕಬೇಡಿ.

ಪ್ರಶ್ನೆ: ಒಂದು ಜಾಗ ನಿಜವಾಗಿ ಕತ್ತಲಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಎಲ್ಲ ರೆಸಾರ್ಟ್‌ಗಳೂ "ನಕ್ಷತ್ರ ವೀಕ್ಷಣೆ" ಎಂದು ಬೋರ್ಡು ಹಾಕಿಕೊಂಡಿವೆ.

ಬೋರ್ಡಿಗೇ ಲೈಟು ಹಾಕಿದ್ದರೆ ಅಲ್ಲಿಗೇ ಅರ್ಥವಾಯಿತು! ಆಕಾಶದ ಕತ್ತಲನ್ನು ಅಳೆಯಲು ಅಮೆರಿಕದ ಹವ್ಯಾಸಿ ವೀಕ್ಷಕ ಜಾನ್ ಬಾರ್ಟ್ಲ್ 2001ರಲ್ಲಿ ಕೊಟ್ಟ ಒಂದರಿಂದ ಒಂಬತ್ತರ ಅಳತೆಯಿದೆ. ಒಂದು ಎಂದರೆ ಕಡುಗತ್ತಲು, ಒಂಬತ್ತು ಎಂದರೆ ನಗರದ ನಡು. ನಾನು ಮಾತ್ರ ಮೋಡ ನೋಡುತ್ತೇನೆ. ನಗರದ ಹತ್ತಿರ ರಾತ್ರಿಯ ಮೋಡ ಕೆಳಗಿನ ದೀಪ ಹೀರಿ ಬೆಳ್ಳಗೆ, ಕಿತ್ತಳೆಯಾಗಿ ಹೊಳೆಯುತ್ತದೆ. ಒಳ್ಳೆಯ ಜಾಗದಲ್ಲಿ ಅದೇ ಮೋಡ ನಕ್ಷತ್ರಗಳ ನಡುವೆ ಕಪ್ಪು ತೂತಿನ ಹಾಗೆ ಕಾಣುತ್ತದೆ. ದೇವಯಾನಿ ಗ್ಯಾಲಕ್ಸಿ ಬರಿಗಣ್ಣಿಗೆ ಸಲೀಸಾಗಿ ಸಿಕ್ಕರೆ ಮತ್ತೇನೂ ಪರೀಕ್ಷೆ ಬೇಡ. ಅದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ.

ಲಡಾಖ್‌ನ ಹಾನ್ಲೆಗೆ ಹೋಗುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. 2022ರಲ್ಲಿ ಕತ್ತಲ ಆಕಾಶ ಮೀಸಲು ಪ್ರದೇಶವಾದ ಆ ಜಾಗದ ವೀಕ್ಷಣಾಲಯ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಮೈ ಒಗ್ಗದೆ ಹೋದವರು ರಾತ್ರಿ ತಲೆ ಹಿಡಿದು ಕೂರುತ್ತಾರೆ, ತಲೆ ಎತ್ತುವುದೇ ಇಲ್ಲ. ಆಮ್ಲಜನಕ ಕಡಿಮೆಯಾದರೆ ಕತ್ತಲಲ್ಲಿ ಕಾಣುವ ಶಕ್ತಿಯೂ ಕುಗ್ಗುತ್ತದೆ. ವೀಕ್ಷಣಾಲಯಗಳಿರುವ ಹವಾಯಿಯ ಮೌನಾ ಕೇಯಾ ಬೆಟ್ಟದ ತುದಿ 4,200 ಮೀಟರ್. ಅಲ್ಲಿ ಸಂದರ್ಶಕರ ಕೇಂದ್ರ ಇರುವುದು ಸುಮಾರು 2,800 ಮೀಟರಿನಲ್ಲಿ, ಕಣ್ಣಿನ ಮಟ್ಟಿಗೆ ಅಷ್ಟೇ ಸಾಕು.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ಬೈನಾಕ್ಯುಲರ್ 7×50 ಕೊಳ್ಳಲೋ, 10×50 ಕೊಳ್ಳಲೋ?

10×50, ಮೇಷ್ಟ್ರೇ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 50ನ್ನು 7ರಿಂದ ಭಾಗಿಸಿದರೆ ಸುಮಾರು 7 ಮಿಲಿಮೀಟರ್ ಅಗಲದ ಬೆಳಕಿನ ಕಂಬ ಹೊರಬರುತ್ತದೆ, 10ರಿಂದ ಭಾಗಿಸಿದರೆ 5. ವಯಸ್ಸಾದ ಕಣ್ಣಿನ ಪಾಪೆ 7 ಮಿಲಿಮೀಟರ್ ಅಗಲ ತೆರೆಯುವುದು ಕಡಿಮೆ, ಮಿಕ್ಕ ಬೆಳಕು ಹೊರಗೇ ಚೆಲ್ಲಿಹೋಗುತ್ತದೆ. ಒರಗುವ ಕುರ್ಚಿಯನ್ನು ಮರೆಯಬೇಡಿ, ಕತ್ತು ನಿಮ್ಮದು.

ಪ್ರಶ್ನೆ: ವೀಕ್ಷಣಾಲಯದಲ್ಲಿ ಫೋನ್ ತೆಗೆದಿದ್ದಕ್ಕೆ ಅಲ್ಲಿದ್ದವರೊಬ್ಬರು ರೇಗಿದರು. ದೊಡ್ಡ ದೂರದರ್ಶಕದಲ್ಲಿ ನೋಡಲೂ ಬಿಡಲಿಲ್ಲ. ಇದು ಸರಿಯೇ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಸಂಶೋಧನೆಯ ದೊಡ್ಡ ದೂರದರ್ಶಕಗಳಲ್ಲಿ ಸಾಮಾನ್ಯವಾಗಿ ಕಣ್ಣಿಡುವ ಜಾಗವೇ ಇರುವುದಿಲ್ಲ, ಅಲ್ಲಿ ಕ್ಯಾಮೆರಾ ಅಥವಾ ಬೇರೆ ಉಪಕರಣ ಕೂತಿರುತ್ತದೆ. 1977ರಲ್ಲಿ ಯುರೇನಸ್‌ನ ಉಂಗುರಗಳು ಸಿಕ್ಕಾಗ ತಮಿಳುನಾಡಿನ ಕಾವಲೂರು ವೀಕ್ಷಣಾಲಯದ ಒಂದು ಮೀಟರ್ ದೂರದರ್ಶಕದಲ್ಲೂ ಅದರ ಸುಳಿವು ದಾಖಲಾಗಿತ್ತು. ಅದು ಉಂಗುರ ಕಣ್ಣಿಗೆ ಕಂಡದ್ದಲ್ಲ, ಉಂಗುರ ಅಡ್ಡ ಬಂದಾಗ ಹಿಂದಿನ ನಕ್ಷತ್ರವೊಂದರ ಬೆಳಕು ಕ್ಷಣಕಾಲ ಕುಗ್ಗಿದ್ದು. ಹೊರಡುವ ಮೊದಲೇ "ಕಣ್ಣಿಟ್ಟು ನೋಡಲು ಯಾವ ದೂರದರ್ಶಕ?" ಎಂದು ಕೇಳಿಕೊಳ್ಳಿ.

ಇನ್ನು ರೇಗಿದ್ದರ ಬಗ್ಗೆ. ಅವರ ಪರವಾಗಿ ನಾನೇ ಮಾತಾಡುತ್ತೇನೆ, ಬೇಸರಿಸಬೇಡಿ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಿಮ್ಮ ಪರದೆ ಒಮ್ಮೆ ಬೆಳಗಿದರೆ ಅಲ್ಲಿರುವ ನಲವತ್ತು ಜನರ ಅರ್ಧ ಗಂಟೆ ಹೋಯಿತು. ಕೆಂಪು ಬೆಳಕನ್ನು ದಂಡ ಕೋಶಗಳು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಟಾರ್ಚಿಗೆ ಕೆಂಪು ಪಾರದರ್ಶಕ ಹಾಳೆ ಸುತ್ತಿಕೊಳ್ಳಿ, ಅದೂ ಮಂದವಾಗಿ. ಕಾರಿನಲ್ಲಿ ಹೋದರೆ ಬಾಗಿಲು ತೆರೆದಾಗ ಹೊತ್ತಿಕೊಳ್ಳುವ ಒಳದೀಪವನ್ನು ಮೊದಲೇ ಆರಿಸಿಡಿ. ರಿಮೋಟ್ ಒತ್ತಿದಾಗ ನಾಲ್ಕೂ ದೀಪ ಮಿಟುಕಿಸುವ ಕಾರಾದರೆ ಕೀಲಿ ಹಾಕಿಯೇ ಬೀಗ ಹಾಕಿ.

ದೂರದರ್ಶಕದ ಹತ್ತಿರ ಹೋದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಹಿಡಿದುಕೊಳ್ಳುವ ಚಪಲಕ್ಕೆ ಬೇರೆ ಮದ್ದಿಲ್ಲ, ಹಿಡಿದರೆ ಶನಿಗ್ರಹ ಓಡಿಹೋಗುತ್ತದೆ. ಕನ್ನಡಕ ಇರುವವರು ತೆಗೆದು ನೋಡಬಹುದು, ಫೋಕಸ್ ತಿರುಗಿಸಿದರೆ ಸರಿಹೋಗುತ್ತದೆ. ಸಿಲಿಂಡರ್ ಪವರ್ ಇದ್ದರೆ ಮಾತ್ರ ಹಾಕಿಕೊಂಡೇ ನೋಡಿ.