ಕರೆದರೆ ‘ಓ’ ಅನ್ನುವುದು

ಪ್ರಶ್ನೆ: ವೆಬ್‌ಸೈಟ್, ಆ್ಯಪ್‌ಗಳ ಬರಹವನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ‘ರೆಸ್ಪಾನ್ಸಿವ್‌ನೆಸ್’ ಅನ್ನುವ ಪದ ಪದೇ ಪದೇ ಎದುರಾಗುತ್ತದೆ. ಎಲ್ಲ ಕಡೆ ‘ಸ್ಪಂದನಶೀಲತೆ’ ಅಂತ ಹಾಕಿದೆ. ಓದಿದ ಗೆಳತಿ ‘ಏನೇ ಇದು, ಬಟನ್ನಿಗೂ ಹೃದಯ ಇದೆಯಾ?’ ಅಂತ ನಕ್ಕಳು. ಸರಿಯಾದ ಪದ ಯಾವುದು?
— ಓದುಗರು, ಶಿವಮೊಗ್ಗ

ಉತ್ತರ: ಗೆಳತಿ ನಕ್ಕದ್ದರಲ್ಲಿ ತಪ್ಪಿಲ್ಲ. ‘ಸ್ಪಂದ’ ಅನ್ನುವ ಸಂಸ್ಕೃತ ಪದಕ್ಕೆ ಮಿಡಿತ, ಅದುರುವುದು ಅಂತ ಅರ್ಥ. ಒಳಗೆ ಏನೋ ಮಿಡಿಯಬೇಕು. ಅದಕ್ಕೇ ‘ಜನರ ಕಷ್ಟಕ್ಕೆ ಸ್ಪಂದಿಸಿದರು’ ಅಂದರೆ ಕಿವಿ ಒಪ್ಪುತ್ತದೆ, ‘ಬಟನ್ ಸ್ಪಂದಿಸುತ್ತಿಲ್ಲ’ ಅಂದರೆ ನಗು ಬರುತ್ತದೆ.

ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನದು. ‘ಸ್ಪೊಂಡೆರೆ’ ಅಂದರೆ ಮಾತು ಕೊಡುವುದು. ಮುಂದೆ ‘ರೆ’ ಸೇರಿದರೆ ತಿರುಗಿ ಮಾತು ಕೊಡುವುದು. ಸ್ಪಾನ್ಸರ್ ಕೂಡ ಇದೇ ಮನೆತನದ ಪದ. ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ್ದು ‘ಓಗೊಡು’. ‘ಓ’ ಕೊಡುವುದು, ಅಷ್ಟೇ. ಹಿತ್ತಲಿಂದ ಅಜ್ಜಿ ಹೆಸರು ಹಿಡಿದು ಕೂಗುತ್ತಾರೆ. ಜಗಲಿಯಿಂದ ನೀವು ‘ಓ...’ ಅನ್ನುತ್ತೀರಿ. ಕೆಲಸ ಇನ್ನೂ ಆಗಿಲ್ಲ, ನೀವು ಕೂತಲ್ಲಿಂದ ಎದ್ದೂ ಇಲ್ಲ. ಆದರೆ ಕೂಗು ತಲುಪಿತು ಅಂತ ಅಜ್ಜಿಗೆ ಗೊತ್ತಾಯಿತು. ಸುಮ್ನೆ ಕೂತಿರಿ ಅಂದುಕೊಳ್ಳಿ, ಎರಡನೇ ಕೂಗು ಜೋರಾಗುತ್ತದೆ. ಮೂರನೆಯದಕ್ಕೆ ಬೈಗುಳವೂ ಸೇರುತ್ತದೆ.

ಆ್ಯಪ್‌ನಲ್ಲೂ ನಡೆಯುವುದು ಇದೇ ಅಲ್ವಾ? ಒತ್ತಿದ್ದಕ್ಕೆ ಏನೂ ಕದಲದಿದ್ದರೆ ಮತ್ತೆ ಮತ್ತೆ ಕುಟ್ಟುತ್ತೇವೆ. ವೆಬ್‌ಸೈಟ್, ಆ್ಯಪ್ ಬಳಸಲು ಸುಲಭವೇ ಅಂತ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 1993ರಲ್ಲಿ ಕೊಟ್ಟ ಲೆಕ್ಕವನ್ನು ಆ್ಯಪ್ ಮಾಡುವವರು ಈಗಲೂ ನೆನೆಯುತ್ತಾರೆ. 0.1 ಸೆಕೆಂಡಿನೊಳಗೆ ಏನಾದರೂ ಬದಲಾದರೆ ಒತ್ತಿದ ಕೂಡಲೇ ಆಯಿತು ಅನ್ನಿಸುತ್ತದೆ. 1 ಸೆಕೆಂಡ್ ದಾಟಿದರೆ ಯೋಚನೆ ಕಡಿಯುತ್ತದೆ. 10 ಸೆಕೆಂಡ್ ದಾಟಿದರೆ ಗಮನ ಬೇರೆಡೆ ಹೋಗುತ್ತದೆ. ಸುತ್ತುತ್ತಾ ಇರುವ ಪುಟ್ಟ ಚಕ್ರ ಇದೆಯಲ್ಲ, ಅದು ಆ್ಯಪ್ ಹೇಳುವ ‘ಓ’. ಹಾಗಾಗಿ ಇಲ್ಲಿ ‘ಮುಟ್ಟಿದ ಕೂಡಲೇ ಕೆಲಸ ಮಾಡುತ್ತದೆ’ ಅಂತ ಬರೆಯಿರಿ.

ಆದರೆ ‘ರೆಸ್ಪಾನ್ಸಿವ್ ಡಿಸೈನ್’ ಬೇರೆ ಸಂಗತಿ. ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ಕೊಟ್ಟ ಹೆಸರು ಅದು. ವೇಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದೇ ಪುಟ ಮೊಬೈಲಿನಲ್ಲಿ ಕಿರಿದಾಗಿ, ಕಂಪ್ಯೂಟರಿನಲ್ಲಿ ಅಗಲವಾಗಿ ಕೂರುತ್ತದೆ. ‘ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ಪುಟ’ ಅಂದರೆ ಮುಗಿಯಿತು. ಅನುವಾದದಲ್ಲಿ ಜಾಸ್ತಿ ಎಡವುವುದು ಇಲ್ಲೇ.

ಆಸ್ಪತ್ರೆಯ ಸುದ್ದಿಯಲ್ಲಿ ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಅನ್ನುವುದು ಚೆನ್ನಾಗಿ ಬೇರೂರಿದೆ, ಅದನ್ನು ಮುಟ್ಟಬೇಡಿ. ‘ಅನ್‌ರೆಸ್ಪಾನ್ಸಿವ್’ ಬಂದರೆ ಮಾತ್ರ ಎಚ್ಚರ. ‘ಪ್ರತಿಕ್ರಿಯಾರಹಿತ’ ಅಂತ ಬರೆದರೆ ರಾಸಾಯನಿಕದ ಬಾಟಲಿ ನೆನಪಾಗುತ್ತದೆ. ಡಾಕ್ಟರು ಮಾಡುವುದನ್ನು ನೋಡಿ. ಮೊದಲು ಹೆಸರು ಹಿಡಿದು ಕರೆಯುತ್ತಾರೆ. ಕಣ್ಣು ಬಿಡದಿದ್ದರೆ ಉಗುರನ್ನು ಒತ್ತಿ ನೋಡುತ್ತಾರೆ. 1974ರಲ್ಲಿ ಗ್ಲಾಸ್ಗೋದಲ್ಲಿ ಇದಕ್ಕೊಂದು ಅಳತೆಪಟ್ಟಿ ಮಾಡಿದರು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಅಂಕ ಅನ್ನುವುದು ಈಗಿರುವ ಲೆಕ್ಕ. ಏನೂ ಮಾಡದವರಿಗೂ 3 ಅಂಕ ಸಿಗುತ್ತದೆ, ಸೊನ್ನೆ ಇಲ್ಲ! ಮನೆಯವರ ಬಾಯಲ್ಲಿ ಇದೆಲ್ಲ ಒಂದೇ ಮಾತು: ‘ಕರೆದರೂ ಎಚ್ಚರ ಇಲ್ಲ.’ ನೀವೂ ಹಾಗೇ ಬರೆಯಿರಿ.

ಬಂದ್ ಸುದ್ದಿಯಲ್ಲಿ ‘ರೆಸ್ಪಾನ್ಸ್’ ಬಂದರೆ ‘ಮಿಶ್ರ ಪ್ರತಿಕ್ರಿಯೆ’ ಅಂತಲೇ ಇರಲಿ, ಅಲ್ಲಿ ಅದು ಸರಿ.

ಇನ್ನು ಸರ್ಕಾರಿ ಕಚೇರಿ. ‘ಜನಸ್ಪಂದನ’ ಅನ್ನುವುದನ್ನು ಬ್ಯಾನರ್‌ಗಳಲ್ಲಿ ಬರೆದೂ ಬರೆದೂ ಸವೆಸಿದ್ದಾರೆ. ನನಗೆ ‘ಸಕಾಲ’ ಅನ್ನುವ ಹೆಸರೇ ಇಷ್ಟ. ಸರ್ಕಾರಿ ಸೇವೆ ಹೊತ್ತಿಗೆ ಸಿಗಲಿ ಅಂತ ಕರ್ನಾಟಕ ತಂದ 2011ರ ಆ ಕಾಯ್ದೆ ಮಿಡಿತದ ಮಾತು ಬಿಟ್ಟು ದಿನಗಳ ಲೆಕ್ಕ ಹಿಡಿಯಿತು. ಗೊತ್ತು ಮಾಡಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ, 500 ರೂಪಾಯಿಯವರೆಗೆ. ದೊಡ್ಡ ಮೊತ್ತವೇನಲ್ಲ, ಆದರೆ ‘ಓ’ ಅನ್ನದ್ದಕ್ಕೆ ಬೆಲೆ ಕಟ್ಟಿದ್ದಂತೂ ಹೌದು.

ಹಾಗಾಗಿ ಎಲ್ಲಕ್ಕೂ ಸಲ್ಲುವ ಒಂದು ಪದ ಹುಡುಕುತ್ತಾ ಕೂರಬೇಡಿ. ಯಾರು ಕರೆದರು, ಯಾರು ‘ಓ’ ಅನ್ನಬೇಕು ಅಂತ ನೋಡಿ ಕ್ರಿಯಾಪದದಲ್ಲಿ ಬರೆಯಿರಿ. ಫಾರಂನ ಕಾಲಂಗೆ ನಾಮಪದವೇ ಬೇಕು ಅಂತ ಕಂಪನಿಯವರು ಹಟ ಹಿಡಿದರೆ ‘ಸ್ಪಂದನೆ’ ಅಂತ ಹಾಕಿ, ‘ಶೀಲತೆ’ಯ ಬಾಲ ಕತ್ತರಿಸಿ.