ಗೇಟಿನ ಪಕ್ಕ ಕ್ರಿಸ್ಮಸ್ ಟ್ರೀನಾ, ಥೂಜಾನಾ?

ಪ್ರಶ್ನೆ: ಮೈಸೂರಿನ ಬೋಗಾದಿಯಲ್ಲಿ 40x60 ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದೇವೆ. ಗೇಟಿನ ಎರಡೂ ಪಕ್ಕ ನಾಲ್ಕು ಅಡಿ ಅಗಲ ಮಣ್ಣಿನ ಜಾಗ ಬಿಟ್ಟಿದ್ದೇವೆ. ವರ್ಷವಿಡೀ ಹಸಿರಾಗಿರಬೇಕು, ಎಲೆ ಉದುರಿ ಕಸ ಆಗಬಾರದು. ನರ್ಸರಿಯವರು ಕ್ರಿಸ್ಮಸ್ ಟ್ರೀ ಇಲ್ಲವೇ ಥೂಜಾ ಹಾಕಿ ಅಂದರು. ನಮ್ಮ ಮನೆಯವರಿಗೆ ಕ್ರಿಸ್ಮಸ್ ಟ್ರೀ ಇಷ್ಟ, ನನಗೆ ಥೂಜಾ. ಯಾವುದು ಒಳ್ಳೆಯದು?
– ಓದುಗರೊಬ್ಬರು, ಬೋಗಾದಿ

ಉತ್ತರ: ಈ ವಿಷಯದಲ್ಲಿ ನಾನು ನಿಮ್ಮ ಪರ. ನೆಲಕ್ಕೆ ಥೂಜಾ ಹಾಕಿ. ಮನೆಯವರ ಆಸೆಗೆ ಒಂದು ಕ್ರಿಸ್ಮಸ್ ಟ್ರೀ ಕುಂಡದಲ್ಲಿರಲಿ.

ನರ್ಸರಿಯಲ್ಲಿ ಎರಡಡಿ ಇರುವಾಗ ಕ್ರಿಸ್ಮಸ್ ಟ್ರೀ ತುಂಬಾ ಮುದ್ದಾಗಿ ಕಾಣುತ್ತೆ. ಅದರ ನಿಜವಾದ ಹೆಸರು ಅರಾಕೇರಿಯಾ. ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪದ ಮರ ಅದು. ತವರಿನಲ್ಲಿ 150 ಅಡಿಗೂ ಮೀರಿ ಬೆಳೆಯುತ್ತೆ. ನಮ್ಮಲ್ಲಿ ಅಷ್ಟು ಬೆಳೆಯದಿದ್ದರೂ ಎರಡು ಅಂತಸ್ತಿನ ಮನೆಯನ್ನು ಸುಲಭವಾಗಿ ದಾಟುತ್ತೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಹಳೆಯ ಅರಾಕೇರಿಯಾಗಳಿವೆ. ಒಮ್ಮೆ ಹೋಗಿ ಕತ್ತೆತ್ತಿ ನೋಡಿ ಬನ್ನಿ, ಆಮೇಲೆ ನಾಲ್ಕಡಿ ಜಾಗದ ಬಗ್ಗೆ ಯೋಚನೆ ಮಾಡಿ. ಗೋಡೆಯಿಂದ ಕಡೇ ಪಕ್ಷ 15-20 ಅಡಿ ದೂರ ಬೇಕು, ಮೇಲೆ ಕರೆಂಟ್ ತಂತಿ ಇರಬಾರದು.

ತಂತಿ ಯಾಕೆ ಮುಖ್ಯ ಅಂದರೆ, ಅರಾಕೇರಿಯಾದ ಅಂದವೆಲ್ಲ ಅದರ ಸುಳಿಯಲ್ಲಿದೆ. ನೆಟ್ಟಗೆ ಒಂದೇ ಕಾಂಡ, ಅದರ ಸುತ್ತ ಸುತ್ತಾಗಿ ಕೊಂಬೆ, ಅಂತಸ್ತಿನ ಮೇಲೆ ಅಂತಸ್ತು. ತಂತಿಗೆ ತಾಗುತ್ತೆ ಅಂತ ಸುಳಿ ಕತ್ತರಿಸಿದರೆ ಆ ಆಕಾರ ಮತ್ತೆ ಬರಲ್ಲ. ಪಕ್ಕದಲ್ಲಿ ಒಂದೆರಡು ಕುಡಿ ಎದ್ದು ಮರ ಬೋಳುಬೋಳಾಗಿ ವಿಕಾರವಾಗುತ್ತೆ. ಕೆಳಗಿನ ಕೊಂಬೆ ಒಣಗಿ ಬಿದ್ದರೂ ಅಷ್ಟೇ, ಆ ಜಾಗದಲ್ಲಿ ಹೊಸದು ಹುಟ್ಟುವುದಿಲ್ಲ.

ಇನ್ನು ಕಸದ ವಿಷಯ. ವರ್ಷವಿಡೀ ಹಸಿರು ಅಂದರೆ ಎಲೆ ಉದುರಲ್ಲ ಅಂತಲ್ಲ. ದೊಡ್ಡ ಅರಾಕೇರಿಯಾ ಕಡ್ಡಿ ಸಮೇತ ಉದುರಿಸುತ್ತೆ. ಒರಟು ಕಡ್ಡಿ, ಬರಿಗಾಲಲ್ಲಿ ತುಳಿದರೆ ಚುಚ್ಚುತ್ತೆ. ಬೇಗ ಕೊಳೆಯುವುದೂ ಇಲ್ಲ.

ಕುಂಡದಲ್ಲಾದರೆ ಇದೇ ಗಿಡ ಹೇಳಿದ ಮಾತು ಕೇಳುತ್ತೆ. 14-16 ಇಂಚಿನ ಕುಂಡ ತಗೊಳ್ಳಿ. ಕೆಮ್ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ, ಸ್ವಲ್ಪ ಮರಳು ಸೇರಿಸಿ. ಮೇಲಿನ ಒಂದಿಂಚು ಮಣ್ಣು ಒಣಗಿದಾಗ ಮಾತ್ರ ನೀರು. ಬೆಳಗಿನ ಬಿಸಿಲು ಬೀಳುವ ಪೂರ್ವದ ವರಾಂಡ ಒಳ್ಳೆಯದು. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸದಿದ್ದರೆ ಗಿಡ ಬೆಳಕಿನ ಕಡೆ ವಾಲುತ್ತೆ. ನರ್ಸರಿಯ ಹಸಿರು ನೆರಳುಬಲೆ ಕೆಳಗೆ ಬೆಳೆದ ಗಿಡವನ್ನು ತಂದ ದಿನವೇ ಬಿಸಿಲಿಗೆ ಇಡಬೇಡಿ, ಸುಟ್ಟುಹೋಗುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ ಕೊಂಬೆ ತುದಿ ಕಂದಾದರೆ ಒಣಹವೆ ಕಾರಣ. ಇಡೀ ಕೊಂಬೆ ಹಳದಿಯಾಗಿ ಜೋತುಬಿದ್ದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ.

ಕೊಳ್ಳುವಾಗ ಒಂದು ಕೆಲಸ ಮಾಡಿ. ಗಿಡವನ್ನು ಮೇಲಿನಿಂದ ನೋಡಿ. ಕೊಂಬೆಗಳು ನಾಲ್ಕೂ ಕಡೆ ಸಮನಾಗಿ ಹರಡಿರಬೇಕು. ಒಂದೇ ಕಡೆ ಚಪ್ಪಟೆಯಾಗಿ ಹರಡಿ ತುದಿ ವಾಲಿದ್ದರೆ ಅದು ಪಕ್ಕದ ಕೊಂಬೆ ನೆಟ್ಟು ಬೆಳೆಸಿದ್ದು. ಅಂಥ ಗಿಡ ಎಷ್ಟು ವರ್ಷವಾದರೂ ಅಡ್ಡಕ್ಕೇ ಬೆಳೆಯುತ್ತೆ. ಬೀಜದ ಗಿಡವನ್ನೇ ಕೇಳಿ. ಅಂದಹಾಗೆ, ನ್ಯೂ ಕ್ಯಾಲೆಡೋನಿಯಾ ಮೂಲದ ಕುಕ್ ಪೈನ್ ಕೂಡ ಇದೇ ಹೆಸರಿನಲ್ಲಿ ಮಾರಾಟವಾಗುತ್ತೆ. ಅದಕ್ಕೊಂದು ವಿಚಿತ್ರ ಚಾಳಿ: ಭೂಮಧ್ಯರೇಖೆಯ ಕಡೆಗೆ ವಾಲುತ್ತೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದು ಖಂಡಗಳ ಮರಗಳನ್ನು ಅಳೆದು ಇದನ್ನು ತೋರಿಸಿತು. ಹಾಗಾಗಿ ಮೈಸೂರಲ್ಲಿ ಅದು ದಕ್ಷಿಣಕ್ಕೆ ಬಾಗಿದರೆ ಕೋಲು ಕಟ್ಟಿ ಒದ್ದಾಡಬೇಡಿ.

ಈಗ ಥೂಜಾ. ಶಾಲೆಯಲ್ಲಿ ಪುಸ್ತಕದೊಳಗೆ ಇಟ್ಟರೆ ವಿದ್ಯೆ ಹತ್ತುತ್ತೆ ಅಂತ ಮಕ್ಕಳು ಕಿತ್ತಿಟ್ಟುಕೊಳ್ಳುವ ಎಲೆ ಇದೇ. ನಮ್ಮಲ್ಲಿ ಸಿಗುವುದು ಚೀನಾ ಮೂಲದ್ದು. ಬಿಸಿಲು, ಒಣಹವೆ ಎರಡನ್ನೂ ತಡೆಯುತ್ತೆ. ಅಮೆರಿಕದ ಥೂಜಾ ಬೇರೆ, ಅದಕ್ಕೆ ಚಳಿ ಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಆರೈಕೆ ಸಲಹೆ ಬಹುಪಾಲು ಆ ಅಮೆರಿಕದ ಗಿಡದ್ದು, ಸುಮ್ನೆ ಗೊಂದಲ. ನಿಮ್ಮ ಜಾಗ ಚಿಕ್ಕದಾದ್ದರಿಂದ ಗುಂಡಗೆ, ಗಿಡ್ಡಕ್ಕೆ ಬೆಳೆಯುವ ಗೋಲ್ಡನ್ ಥೂಜಾ ಇನ್ನೂ ಚೆನ್ನ.

ಬೋಗಾದಿ ಕಡೆಯ ಕೆಮ್ಮಣ್ಣಿನಲ್ಲಿ ನೀರು ಇಂಗಿಹೋಗುತ್ತೆ, ಅದು ಥೂಜಾಕ್ಕೆ ಅನುಕೂಲ. ಆದರೆ ಹೊಸ ಮನೆಯ ಗೇಟಿನ ಪಕ್ಕ ಇರುವುದು ಮಣ್ಣಲ್ಲ. ಸಿಮೆಂಟ್ ಚೂರು, ಜಲ್ಲಿ, ಇಟ್ಟಿಗೆ ಪುಡಿ. ಎರಡಡಿ ಗುಣಿ ತೆಗೆಸಿ ಅದನ್ನೆಲ್ಲ ಆಚೆ ಹಾಕಿಸಿ. ಒಳ್ಳೆ ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಜೂನ್-ಜುಲೈನಲ್ಲಿ ನೆಟ್ಟರೆ ಮಳೆಯಲ್ಲೇ ಬೇರು ಹಿಡಿಯುತ್ತೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಬುಡ ತುಂಬ ನೀರು ಸಾಕು. ದಿನಾ ಪೈಪ್ ಹಿಡಿಯಬೇಡಿ.

ಪ್ರಶ್ನೆ: ತೋಟದ ಮನೆ ಮುಂದೆ ಥೂಜಾ ಬೇಲಿ ಇದೆ, ಐದು ವರ್ಷದ್ದು. ಪಕ್ಕದಲ್ಲೇ ಭತ್ತದ ಗದ್ದೆ. ಗಿಡ ಕಂದಾಗುತ್ತಿದೆ. ಗಟ್ಟಿಯಾಗಿ ಕತ್ತರಿಸಿದರೆ ಚಿಗುರುತ್ತಾ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಕತ್ತರಿ ಹಿಡಿಯುವ ಮೊದಲು ಎಲ್ಲಿ ಕಂದಾಗಿದೆ ಅಂತ ನೋಡಿ. ಒಳಗಡೆ, ಕಾಂಡದ ಹತ್ತಿರ ಮಾತ್ರ ಕಂದಾಗಿದ್ದರೆ ಅದು ಸಹಜ. ಬೆಳಕು ತಲುಪದ ಹಳೇ ಎಲೆ ಒಣಗುತ್ತೆ. ಕೈಯಾಡಿಸಿ ಉದುರಿಸಿದರೆ ಗಾಳಿ ಆಡುತ್ತೆ.

ಹೊರಗಿನ ಎಲೆ ಕಳೆಗುಂದಿ ಬೂದಿಬಣ್ಣಕ್ಕೆ ತಿರುಗಿದ್ದರೆ ಕೆಂಪು ನುಸಿ ಇರಬಹುದು. ಕೊಂಬೆ ಕೆಳಗೆ ಬಿಳಿ ಕಾಗದ ಹಿಡಿದು ಜೋರಾಗಿ ತಟ್ಟಿ. ಧೂಳಿನ ಕಣದಷ್ಟು ಚಿಕ್ಕ ಚುಕ್ಕೆಗಳು ಬೀಳುತ್ತವೆ. ಅವು ನಡೆಯತೊಡಗಿದರೆ, ಬೆರಳಲ್ಲಿ ಒರೆಸಿದಾಗ ಕೆಂಪಗೆ ಗೆರೆ ಮೂಡಿದರೆ ನುಸಿಯೇ. ನಾಲ್ಕೈದು ದಿನ ಬೆಳಿಗ್ಗೆ ರಭಸವಾಗಿ ನೀರು ಹೊಡೆಯಿರಿ. ಬಗ್ಗದಿದ್ದರೆ ಲೀಟರಿಗೆ 2-3 ಗ್ರಾಂ ನೀರಲ್ಲಿ ಬೆರೆಯುವ ಗಂಧಕ ಬೆರೆಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಿ. ಉರಿಬಿಸಿಲ ದಿನಗಳಲ್ಲಿ ಬೇಡ, ಎಲೆ ಸುಡುತ್ತೆ.

ನಿಮ್ಮ ಬೇಲಿಯ ಮೇಲೆ ನನಗೆ ಇನ್ನೊಂದು ಅನುಮಾನ ಜಾಸ್ತಿ. ಗದ್ದೆ ಬದಿಯ ಗಿಡಗಳೇ ಮೊದಲು ಕಂದಾದವಾ? ನಾಲೆಗೆ ನೀರು ಬಿಟ್ಟಮೇಲೆ ಶುರುವಾಯಿತಾ? ಹಾಗಾದರೆ ಒಂದು ಗಿಡದ ಬುಡ ಅಗೆದು ನೋಡಿ. ಬೇರು ಕಪ್ಪಾಗಿ, ಸಿಪ್ಪೆ ಜಾರಿ, ಕೆಟ್ಟ ವಾಸನೆ ಬಂದರೆ ಬೇರು ಕೊಳೆತಿದೆ. ಥೂಜಾ ಒಣಗನ್ನು ತಡೆಯುತ್ತೆ, ನಿಂತ ನೀರನ್ನು ತಡೆಯಲ್ಲ.

ಗಟ್ಟಿಯಾಗಿ ಕತ್ತರಿಸುವುದಂತೂ ಬೇಡ. ಎಲೆ ಇಲ್ಲದ ಹಳೇ ಕಟ್ಟಿಗೆಯಿಂದ ಥೂಜಾ ಚಿಗುರುವುದಿಲ್ಲ. ಹಸಿರು ಇರುವಷ್ಟರಲ್ಲೇ ಸವರಬೇಕು. ಗದ್ದೆಗೂ ಬೇಲಿಗೂ ನಡುವೆ ಒಂದೂವರೆ ಅಡಿ ಆಳದ ಬಸಿಗಾಲುವೆ ತೆಗೆಸಿ. ಪೂರ್ತಿ ಒಣಗಿದ ಗಿಡ ಬೇರುಸಮೇತ ಕೀಳಿಸಿ, ಗುಣಿ ಬೇಸಿಗೆಯಲ್ಲಿ ಬಿಸಿಲಿಗೆ ಒಣಗಲಿ. ಹೊಸ ಗಿಡವನ್ನು ಒಂದಡಿ ಎತ್ತರದ ಏರಿ ಮೇಲೆ, ಗಿಡದಿಂದ ಗಿಡಕ್ಕೆ ಮೂರಡಿ ಬಿಟ್ಟು ನೆಡಿ.